ಅಂಗಡಿ ಬಾಗಿಲು ಹಾಕಿ ಘಟ್ಟ ಇಳಿದೆವು

ಹೊಲಿಗೆ ಅಂಗಡಿಗೆ ರಜೆ ಅಂತ ಯಾರೂ ಕೊಡುವುದಿಲ್ಲ, ನಾವೇ ತೆಗೆದುಕೊಳ್ಳಬೇಕು. ಶಿರಸಿಯಲ್ಲಿ ನನ್ನ ಅಂಗಡಿಗೆ ಮದುವೆ ಸೀಸನ್ ಮುಗಿಯುವಷ್ಟರಲ್ಲಿ ಶಾಲೆ ಯೂನಿಫಾರ್ಮ್ ಬರುತ್ತದೆ. ಅದು ಮುಗಿದರೆ ಚೌತಿ, ನವರಾತ್ರಿ, ದೀಪಾವಳಿ. ಮಾರಿಕಾಂಬಾ ಜಾತ್ರೆಯ ವರ್ಷವಾದರೆ ಕೇಳುವುದೇ ಬೇಡ. ಊರಿಗೆ ಊರೇ ಹೊಸ ಬಟ್ಟೆ ಹೊಲಿಸುತ್ತದೆ. ಜಾತ್ರೆ ಎರಡು ವರ್ಷಕ್ಕೊಮ್ಮೆ. 2025ರಲ್ಲಿ ಇರಲಿಲ್ಲ. ಹಾಗಾಗಿ ಮಾರ್ಚ್ ಮೊದಲ ವಾರ ಸ್ವಲ್ಪ ಸಡಿಲು ಸಿಕ್ಕಿತು.

ನನ್ನದು ಬಿಡಿ, ಬಾಗಿಲು ಎಳೆದರೆ ಅಂಗಡಿ ಮುಚ್ಚಿತು. ಅಕ್ಕನದು ಹಾಗಲ್ಲ. ಹುಲೇಕಲ್ ಕಡೆ ಅವಳ ಮನೆ, ಸ್ವಲ್ಪ ಅಡಿಕೆ ತೋಟ, ಕೊಟ್ಟಿಗೆಯಲ್ಲಿ ಆಕಳು. ಆಕಳಿಗೆ ಭಾನುವಾರ ಗೊತ್ತಿಲ್ಲ. ಬೆಳಿಗ್ಗೆ ಕರೆಯಬೇಕು, ಸಂಜೆ ಕರೆಯಬೇಕು, ನಡುವೆ ಹುಲ್ಲು, ಸಗಣಿ, ಸೊಪ್ಪು. ಅಡಿಕೆ ಗೊನೆ ಕೊಯ್ಯುವ ಕಾಲದಲ್ಲಿ ರಾತ್ರಿ ಅಡಿಕೆ ಸುಲಿಯುವುದು ಬೇರೆ. ಅವಳು ಮನೆ ಬಿಟ್ಟು ರಾತ್ರಿ ಉಳಿಯುವುದೆಂದರೆ ಯಾರದಾದರೂ ಮದುವೆ, ಇಲ್ಲ ಆಸ್ಪತ್ರೆ. ಈ ಸಲ ಭಾವನೇ ಹೇಳಿದರು: "ಹೋಗಿ ಬಾರೆ. ಕೊಟ್ಟಿಗೆ ನಾನು ನೋಡ್ಕೋತೆ." ಹಾಗೆಂದ ಮೇಲೂ ಅವಳು ಎರಡು ದಿನ ಯೋಚಿಸಿದಳು. ನಾನು ಬಿಡಲಿಲ್ಲ.

ಎಲ್ಲಿಗೆ ಎಂದು ಪಟ್ಟಿ ಮಾಡಲಿಲ್ಲ. ಘಟ್ಟ ಇಳಿಯುವುದು, ಸಮುದ್ರದ ಪಕ್ಕ ಪಕ್ಕ ಕಾರವಾರದವರೆಗೆ ಹೋಗುವುದು, ವಾಪಸ್ ಬರುವುದು. ಇಷ್ಟೇ. ಎಲ್ಲೂ ಓಡಬಾರದು ಎನ್ನುವುದೊಂದೇ ನಾನು ಹಾಕಿದ ಷರತ್ತು. ವರ್ಷವಿಡೀ ಓಡುವುದು ಇದ್ದೇ ಇದೆ ಅಲ್ವಾ?

ಶುಕ್ರವಾರ: ಶಿರಸಿ, ಕುಮಟಾ, ಅಘನಾಶಿನಿ

ಬೆಳಿಗ್ಗೆ ಆರೂವರೆಗೆ ಶಿರಸಿ ಬಸ್‌ಸ್ಟ್ಯಾಂಡ್. ಕಂಡಕ್ಟರ್‌ಗೆ ಆಧಾರ್ ತೋರಿಸಿದೆವು, ಶೂನ್ಯ ಟಿಕೆಟ್ ಕೊಟ್ಟರು. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾದದ್ದು. ಅದರ ಬಗ್ಗೆ ಏನೇನೋ ಮಾತು ಕೇಳಿದ್ದೇನೆ. ನಾನು ಕಂಡದ್ದು ಇಷ್ಟು: ಅಕ್ಕನಂಥವಳು "ಬಸ್ ಚಾರ್ಜಿಗೆ ದುಡ್ಡು ಕೊಡಿ" ಎಂದು ಮನೆಯಲ್ಲಿ ಕೇಳದೆ ಹೊರಡಬಹುದು. ಹಾಲಿನ ದುಡ್ಡು ಅವಳದೇ ಆದರೂ ಕೇಳುವ ಅಭ್ಯಾಸ ಹೋಗಿರಲಿಲ್ಲ. ಈಗ ಚೀಲದಲ್ಲಿ ಆಧಾರ್ ಇದ್ದರೆ ಸಾಕು.

ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್. ದೇವಿಮನೆ ಘಟ್ಟದಲ್ಲಿ ರಸ್ತೆ ಕೆಲಸ ನಡೆದೇ ಇತ್ತು. ಬಸ್ಸು ನಿಧಾನ. ಕಿಟಕಿ ಬಳಿ ಅಕ್ಕ, ಪಕ್ಕದಲ್ಲಿ ನಾನು. ಮೇಲೆ ತಣ್ಣಗಿದ್ದ ಗಾಳಿ ತಿರುವು ತಿರುವಿಗೂ ಬೆಚ್ಚಗಾಯಿತು. ಕೆಳಗೆ ಬರುವಷ್ಟರಲ್ಲಿ ಅಕ್ಕ ಸ್ವೆಟರ್ ಬಿಚ್ಚಿ ಮಡಿಸಿಟ್ಟಿದ್ದಳು. ಎದುರಿನಿಂದ ಮೀನಿನ ಗಾಡಿಗಳು ಹತ್ತಿ ಬರುತ್ತಿದ್ದವು. ನಾವು ಶಿರಸಿ ಪೇಟೆಯಲ್ಲಿ ಬಂಗಡೆ ಕೊಳ್ಳುವ ಹೊತ್ತಿಗೆ ಅದು ಇಷ್ಟು ದಾರಿ ಬಂದಿರುತ್ತದೆ.

ಕುಮಟಾದಲ್ಲಿ ಬನ್ಸ್, ಭಾಜಿ, ಚಾ. ಬನ್ಸ್ ಬಿಸಿ ಇತ್ತು, ಬಾಳೆಹಣ್ಣಿನ ಸಿಹಿ ಹದವಾಗಿತ್ತು. ಅಕ್ಕ ಎರಡನೇ ಚಾ ಕೇಳಿದಳು. ಮನೆಯಲ್ಲಿ ಅವಳ ಮೊದಲ ಚಾ ಒಲೆಯ ಪಕ್ಕ ಆರಿ ತಣ್ಣಗಾಗಿರುತ್ತದೆ. ಇಲ್ಲಿ ಯಾರೋ ಮಾಡಿ ತಂದು ಮುಂದಿಟ್ಟರು. ಅವಳು ಲೋಟ ಹಿಡಿದು ಪೇಟೆ ನೋಡುತ್ತಾ ಕೂತಳು. ನಾನೂ ಕೂತೆ. ಒಂದು ಬಸ್ಸು ಹೋಯಿತು. ಹೋಗಲಿ ಎಂದು ಬಿಟ್ಟೆವು.

ಮುಂದಿನ ಬಸ್ಸಿಗೆ ಅಘನಾಶಿನಿ ಊರಿಗೆ ಹೋದೆವು. ನದಿಯದೂ ಅದೇ ಹೆಸರು, ಊರಿನದೂ ಅದೇ. ನದಿ ಸಮುದ್ರ ಸೇರುವ ಜಾಗ. ಈ ಕಡೆ ದಂಡೆ ಅಘನಾಶಿನಿ, ಆ ಕಡೆ ತದಡಿ. ನಡುವೆ ದೋಣಿ.

ಈ ನದಿ ನಮ್ಮೂರಿನದು. ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟುತ್ತದೆ ಎಂದು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಮುಂದೆ ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕುತ್ತದೆ. ಆಮೇಲೆ ಕಾಡು, ಕಣಿವೆ, ಕೊನೆಗೆ ಇಲ್ಲಿ. ಹುಟ್ಟಿನಿಂದ ಸಮುದ್ರದವರೆಗೆ ಇದಕ್ಕೆ ಅಣೆಕಟ್ಟು ಕಟ್ಟಿಲ್ಲ. ಪಕ್ಕದ ಶರಾವತಿಗೂ ಕಾಳಿಗೂ ಆ ಭಾಗ್ಯ ಇಲ್ಲ. 2024ರ ಜನವರಿಯಲ್ಲಿ ಈ ಅಳಿವೆಯನ್ನು ರಾಮ್ಸಾರ್ ಪಟ್ಟಿಗೆ ಸೇರಿಸಿದರು, ಅಂದರೆ ಜಗತ್ತು ಕಾಪಾಡಬೇಕಾದ ಜೌಗು ಪ್ರದೇಶಗಳ ಸಾಲಿಗೆ. ಅಕ್ಕ ಹೊಂಡದ ನೀರನ್ನು ಎಷ್ಟೋ ಸಲ ನೋಡಿದ್ದಾಳೆ, ಉಂಚಳ್ಳಿಗೂ ಹೋಗಿದ್ದಾಳೆ. ಅದು ಎಲ್ಲಿ ಹೋಗಿ ಮುಟ್ಟುತ್ತದೆ ಎಂದು ನೋಡಿರಲಿಲ್ಲ. "ಇಷ್ಟು ಅಗಲ ಆಗ್ತದಾ!" ಎಂದಳು. ಕಣ್ಣು ಕಿರಿದು ಮಾಡಿ ಆ ದಡ ನೋಡಿದಳು.

ಇಳಿತದ ಹೊತ್ತು. ನೀರು ಹಿಂದೆ ಸರಿದು ಕೆಸರು ಮರಳಿನ ದಿಬ್ಬಗಳು ಮೇಲೆದ್ದಿದ್ದವು. ಅದರ ಮೇಲೆಲ್ಲ ಜನ. ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುತ್ತಿದ್ದರು. ಕೆಲವರು ಸೊಂಟದವರೆಗೆ ನೀರಲ್ಲಿ ನಿಂತು ಕಾಲಲ್ಲೇ ತಡಕುತ್ತಿದ್ದರು. ಪಾದಕ್ಕೆ ಚಿಪ್ಪು ತಾಗಿದರೆ ಮುಳುಗು ಹಾಕಿ ಕೈಯಲ್ಲಿ ತೆಗೆಯುತ್ತಾರೆ. ಒಬ್ಬರು ಹಗ್ಗದಲ್ಲಿ ಪಾತ್ರೆಯೊಂದನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದರು. ಅದು ತೇಲುತ್ತಾ ಹಿಂದೆ ಬರುತ್ತಿತ್ತು, ಸಿಕ್ಕದ್ದು ಅದರೊಳಗೆ. ಭರತ ಬರುವುದರೊಳಗೆ, ಅಂದರೆ ನೀರು ಮತ್ತೆ ಏರುವುದರೊಳಗೆ ಮುಗಿಸಬೇಕು. ಅವರ ಗಡಿಯಾರ ಸಮುದ್ರದ ಕೈಯಲ್ಲಿದೆ. ಒಂದು ದಿನ ಬೆಳಿಗ್ಗೆ, ಇನ್ನೊಂದು ವಾರ ಮಧ್ಯಾಹ್ನ.

ನಾವು ತೆಂಗಿನ ಮರದ ನೆರಳಲ್ಲಿ ಕೂತು ನೋಡಿದೆವು. ಬಹಳ ಹೊತ್ತು. ರಜೆಯಲ್ಲಿ ನನಗೆ ಬೇಕಾಗಿದ್ದದ್ದು ಇದೇ ಎಂದು ಅಲ್ಲಿ ಕೂತಾಗ ತಿಳಿಯಿತು. ಇನ್ನೊಬ್ಬರು ಕೆಲಸ ಮಾಡುವುದನ್ನು ಪೂರ್ತಿ ನೋಡುವಷ್ಟು ಪುರುಸೊತ್ತು ನಮಗೆ ಸಿಗುವುದೇ ಇಲ್ಲ. ಅಂಗಡಿಯಲ್ಲಿ ನನ್ನ ಕಣ್ಣು ಸೂಜಿಯ ಮೇಲೆ. ಬೀದಿಯಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂದು ತಲೆ ಎತ್ತಿದರೆ ಹೊಲಿಗೆ ಸೊಟ್ಟ.

ಮೂರು ಗಂಟೆಗೆ ದೋಣಿ ಹತ್ತಿ ತದಡಿಗೆ ದಾಟಿದೆವು. ದೋಣಿಯಲ್ಲಿ ಬೈಕುಗಳು, ಶಾಲೆ ಮಕ್ಕಳು, ಮೀನಿನ ಬುಟ್ಟಿ. ಒಬ್ಬ ಹುಡುಗ ಅಕ್ಕನಿಗೆ ಜಾಗ ಬಿಟ್ಟು ಕೊಟ್ಟ. ಅವಳು ಕೂರಲಿಲ್ಲ, ನಿಂತೇ ಬಂದಳು.

ತದಡಿ ಬಂದರಿನಲ್ಲಿ ನನ್ನ ಕಾಲು ನಿಂತುಬಿಟ್ಟಿತು. ದಕ್ಕೆಯ ಪಕ್ಕ ನೆರಳಲ್ಲಿ ನಾಲ್ಕೈದು ಜನ ಬಲೆ ರಿಪೇರಿ ಮಾಡುತ್ತಿದ್ದರು. ಬಲೆಯ ಒಂದು ತುದಿ ಕಾಲ್ಬೆರಳಿಗೆ ಸಿಕ್ಕಿಸಿ ಎಳೆದು ಹಿಡಿದಿದ್ದರು. ಕೈಯಲ್ಲಿ ಅಂಗೈ ಉದ್ದದ ಪ್ಲಾಸ್ಟಿಕ್ ಸೂಜಿ. ನಮ್ಮ ಸೂಜಿಗೆ ಕಣ್ಣಿದೆ, ಇದಕ್ಕಿಲ್ಲ. ನಡುವೆ ಒಂದು ಕಡ್ಡಿ ಇದೆ, ದಾರವನ್ನು ಅದಕ್ಕೆ ಸಿಕ್ಕಿಸಿ ಸುತ್ತಿಟ್ಟಿರುತ್ತಾರೆ. ಎಳೆದಂತೆ ದಾರ ಬಿಚ್ಚಿಕೊಳ್ಳುತ್ತದೆ. ಅಂದರೆ ಸೂಜಿಯೂ ಅದೇ, ಬಾಬಿನ್ನೂ ಅದೇ.

ಹರಿದಲ್ಲಿ ಸುಮ್ನೆ ಕಟ್ಟಿಬಿಡುವುದಿಲ್ಲ. ಮೊದಲು ತೂತನ್ನು ಇನ್ನಷ್ಟು ದೊಡ್ಡದು ಮಾಡುತ್ತಾರೆ. ಹಾಳಾದ ಕಣ್ಣುಗಳನ್ನೆಲ್ಲ ಕತ್ತರಿಸಿ ಗಟ್ಟಿ ಅಂಚು ಸಿಗುವವರೆಗೆ ಹೋಗುತ್ತಾರೆ. ಆಮೇಲೆ ಮೇಲಿನಿಂದ ಶುರು. ಒಂದು ಗಂಟು, ಒಂದು ಕಣ್ಣು, ಮತ್ತೊಂದು ಗಂಟು. ಅಳತೆಗೆ ಏನೂ ಇಟ್ಟುಕೊಂಡಿರಲಿಲ್ಲ, ಬೆರಳೇ ಅಳತೆ. ಹೊಸ ಕಣ್ಣು ಹಳೆ ಕಣ್ಣಿಗೆ ಸರಿಯಾಗಿ ಹೊಂದುತ್ತಿತ್ತು. ನಾನು ಬ್ಲೌಸಿನ ಹರಿದ ಕಂಕುಳು ತೆಗೆದುಕೊಂಡಾಗಲೂ ಹೀಗೇ. ಜೀರ್ಣವಾದ ಬಟ್ಟೆ ಕತ್ತರಿಸದೆ ಮೇಲೆ ಹೊಲಿಗೆ ಹಾಕಿದರೆ ವಾರದಲ್ಲಿ ಮತ್ತೆ ಬರುತ್ತದೆ. ಗಿರಾಕಿಗೆ ಹೇಳಿದರೆ "ಇನ್ನೂ ಹರಿತೀರಲ್ಲ" ಎನ್ನುತ್ತಾರೆ.

"ನೀವೆಂತ ಅಷ್ಟು ನೋಡ್ತ್ರಿ ಅಕ್ಕಾ?" ಎಂದು ಅವರಲ್ಲಿ ವಯಸ್ಸಾದವರು ಕೇಳಿದರು.

"ನಾನು ಟೈಲರ್" ಎಂದೆ.

ಅವರು ಸೂಜಿ ನನ್ನ ಕೈಗೆ ಕೊಟ್ಟರು. ಗಂಟು ಹೇಗೆ ಹಾಕುವುದೆಂದು ನಿಧಾನವಾಗಿ ತೋರಿಸಿದರು. ದಾರವನ್ನು ಕಣ್ಣಿನ ಒಳಗಿಂದ ತಂದು, ಹೆಬ್ಬೆರಳಲ್ಲಿ ಒತ್ತಿ, ಹಿಂದಿನಿಂದ ಸುತ್ತಿ ಎಳೆಯಬೇಕು. ಹೆಬ್ಬೆರಳು ಸಡಿಲಿಸಿದರೆ ಗಂಟು ಜಾರುತ್ತದೆ. ಮೂರನೆಯದು ಗಟ್ಟಿ ಕೂತಿತು. "ಹೂಂ, ಇದು ಸಮುದ್ರಕ್ಕೆ ಹೋಗ್ಲಕ್ಕು" ಎಂದರು. ಆ ಬಲೆ ಇವತ್ತು ಯಾವ ನೀರಲ್ಲಿದೆಯೋ. ಅದರಲ್ಲಿ ನನ್ನದೊಂದು ಗಂಟು ಇದೆ ಎನ್ನುವುದು ನನಗೆ ಬಹಳ ದೊಡ್ಡ ಸಂತೋಷ.

ರಾತ್ರಿ ಗೋಕರ್ಣದಲ್ಲಿ ಉಳಿದೆವು.

ಶನಿವಾರ: ಗೋಕರ್ಣ, ಸಾಣಿಕಟ್ಟಾ, ಅಂಕೋಲಾ

ಅಕ್ಕನಿಗೆ ಐದಕ್ಕೇ ಎಚ್ಚರ. ಆಕಳು ಕರೆಯುವ ಹೊತ್ತು. ಎದ್ದು ಕೂತು, ಎಲ್ಲಿದ್ದೇನೆಂದು ನೆನಪಾಗಿ, ಮತ್ತೆ ಮಲಗಿದಳು. ಅರ್ಧ ಗಂಟೆಗೆ ಮತ್ತೆ ಎದ್ದು ಭಾವನಿಗೆ ಫೋನ್. "ಕರೆದಾಯ್ತಾ? ಕೆಂಪಿ ಒದ್ದಿಲ್ಲ ಅಲ್ದಾ?" ಒದ್ದಿರಲಿಲ್ಲ. ಆಮೇಲೆ ನಿಜವಾಗಿ ನಿದ್ದೆ ಮಾಡಿದಳು, ಏಳೂವರೆಯವರೆಗೆ. ಅವಳು ಬೆಳಕು ಬಂದ ಮೇಲೂ ಮಲಗಿದ್ದನ್ನು ನಾನು ಅವಳ ಮದುವೆಯ ನಂತರ ನೋಡಿರಲಿಲ್ಲ. ಎಬ್ಬಿಸಲಿಲ್ಲ.

ಮಹಾಬಲೇಶ್ವರನ ದರ್ಶನ ಬೇಗ ಆಯಿತು. ಶಿವರಾತ್ರಿ ಜಾತ್ರೆಯ ಗದ್ದಲ ಮುಗಿದಿತ್ತು. ರಥಬೀದಿಯಲ್ಲಿ ಹಾಲಕ್ಕಿ ಒಕ್ಕಲಿಗ ಸಮುದಾಯದ ಹೆಂಗಸರು ತರಕಾರಿ, ಹೂವು ಹಿಡಿದು ಕೂತಿದ್ದರು. ಬೇರೆ ಬೇರೆ ಊರಿನ ಟೆಂಪೋ ಟ್ರಾವೆಲರ್‌ಗಳು ಬಂದು ನಿಲ್ಲುತ್ತಿದ್ದವು. ಇಳಿದವರಿಗೆ ಗೈಡ್ ಹೇಳುತ್ತಿದ್ದ: ದೇವಸ್ಥಾನ ನಲವತ್ತು ನಿಮಿಷ, ಓಂ ಬೀಚ್ ಮೂವತ್ತು ನಿಮಿಷ, ಆಮೇಲೆ ಮುರುಡೇಶ್ವರ. ಸಣ್ಣ ಮಕ್ಕಳನ್ನು ಎತ್ತಿಕೊಂಡು ಓಡುವ ಅಮ್ಮಂದಿರನ್ನು ನೋಡಿ ನನಗೆ ಸಂಕಟವಾಯಿತು. ವಾರವಿಡೀ ಗಡಿಯಾರ ನೋಡಿ ದುಡಿದವರು ರಜೆಯಲ್ಲೂ ಗಡಿಯಾರ ನೋಡುತ್ತಾ ಓಡಬೇಕೆ? ಒಂದು ಜಾಗ ಕಡಿಮೆ ನೋಡಿದರೆ ಯಾರ ಗಂಟು ಹೋಗುತ್ತದೆ? ಆ ಮಕ್ಕಳನ್ನು ಒಂದು ತಾಸು ಮರಳಲ್ಲಿ ಬಿಟ್ಟಿದ್ದರೆ ಸಾಕಿತ್ತು.

ಸಾಣಿಕಟ್ಟಾಕ್ಕೆ ಹೋಗುವುದು ಅಕ್ಕನ ಆಸೆ. ಅಪ್ಪೆಮಿಡಿಯ ಕಾಲ ಶುರುವಾಗಿತ್ತು. ನಮ್ಮ ಮನೆಗಳಲ್ಲಿ ಮಿಡಿ ಉಪ್ಪಿಗೆ ಹಾಕಲು ಸಾಣಿಕಟ್ಟಾದ ಹರಳುಪ್ಪೇ ಆಗಬೇಕು. ಪುಡಿ ಉಪ್ಪು ಹಾಕಿದರೆ ಮಿಡಿ ಮೆತ್ತಗಾಗುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ಇಷ್ಟು ವರ್ಷ ಉಪ್ಪು ಚೀಲದಲ್ಲಿ ಮನೆಗೆ ಬರುತ್ತಿತ್ತು. ಅದು ಬೆಳೆಯುವುದನ್ನು ನೋಡಬೇಕು ಎಂದಳು. ಹೌದು, ಉಪ್ಪನ್ನು ಇಲ್ಲಿ ಬೆಳೆಯುತ್ತಾರೆ ಎಂದೇ ಹೇಳಬೇಕು, ಅಷ್ಟು ಕೃಷಿ ಇದೆ ಅದರಲ್ಲಿ.

ರಸ್ತೆ ಬದಿಯಿಂದಲೇ ಉಪ್ಪಿನ ಆಗರ ಕಾಣುತ್ತದೆ. ನೆಲಕ್ಕೆ ಚೌಕ ಚೌಕ ಮಡಿ, ನಡುವೆ ಸಣ್ಣ ಬದು, ಅಲ್ಲಲ್ಲಿ ಬಿಳಿ ರಾಶಿ. ಭರತದ ವೇಳೆ ಅಳಿವೆಯ ಉಪ್ಪುನೀರನ್ನು ತೂಬಿನಿಂದ ಒಳಗೆ ಬಿಟ್ಟುಕೊಳ್ಳುತ್ತಾರೆ. ಅದು ದೊಡ್ಡ ಕಟ್ಟೆಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುಂದಿನ ಮಡಿಗೆ, ಅಲ್ಲಿಂದ ಇನ್ನೊಂದಕ್ಕೆ. ಪ್ರತಿ ಮಡಿಯಲ್ಲೂ ಬಿಸಿಲಿಗೆ ನೀರು ಆರುತ್ತಾ ಗಟ್ಟಿಯಾಗುತ್ತದೆ. ಕೊನೆಯ ಮಡಿಗೆ ಬರುವಷ್ಟರಲ್ಲಿ ಅದು ಮಾಮೂಲಿ ಸಮುದ್ರದ ನೀರಲ್ಲ.

ಒಬ್ಬರು ಉದ್ದ ಕೋಲಿನ ತುದಿಗೆ ಅಡ್ಡ ಹಲಗೆ ಕಟ್ಟಿದ ಸಲಕರಣೆಯಿಂದ ಉಪ್ಪು ಎಳೆಯುತ್ತಿದ್ದರು. ಬರಿಗಾಲು. ಎಳೆದಾಗ ಹರಳು ಹರಳು ಉಜ್ಜಿ ಸದ್ದು ಬರುತ್ತಿತ್ತು. ಬದುವಿನ ಬಳಿ ಸಣ್ಣ ಗುಡ್ಡೆ ಮಾಡಿ ನೀರು ಇಳಿಯಲು ಬಿಡುತ್ತಿದ್ದರು. ಆ ಉಪ್ಪು ಅಂಗಡಿಯ ಪ್ಯಾಕೆಟ್ಟಿನಷ್ಟು ಬಿಳಿ ಅಲ್ಲ. ಸ್ವಲ್ಪ ಮಣ್ಣಿನ ಬಣ್ಣ ಇದೆ. ಹರಳು ದಪ್ಪ. ಅಕ್ಕ ಒಂದು ಹರಳು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು.

"ಗಡಿಬಿಡಿ ಮಾಡಿದ್ರೆ ಇದು ಆಗುದಿಲ್ಲ" ಎಂದರು ಅವರು. "ಮೋಡ ಬಂದ್ರೆ ಕೂತ್ಕಂಡು ಕಾಯುದು. ಅಕಾಲದಲ್ಲಿ ಮಳೆ ಬಿದ್ರೆ ಎಲ್ಲಾ ಕರಗಿ ಹೋಯ್ತು, ಮತ್ತೆ ಮೊದಲಿಂದ." ಮಳೆಗಾಲದಲ್ಲಿ ಕೆಲಸವೇ ಇಲ್ಲ. ಬೇಸಿಗೆಯ ಕೆಲವೇ ತಿಂಗಳಲ್ಲಿ ದುಡಿದದ್ದು. ಮಾರ್ಚ್ ಬಿಸಿಲಿಗೆ ನಾವು ಕೊಡೆ ಹಿಡಿದು ನಿಂತಿದ್ದೆವು. ಅವರಿಗೆ ಆ ಬಿಸಿಲೇ ಬೇಕು.

ಇದೇ ಉಪ್ಪಿಗಾಗಿ ಈ ಕರಾವಳಿಯ ಜನ ಜೈಲಿಗೂ ಹೋಗಿದ್ದಾರೆ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದರು. ಕರನಿರಾಕರಣೆ ಚಳವಳಿಯಲ್ಲಿ ಅಂಕೋಲಾ, ಸಿದ್ದಾಪುರದ ರೈತರು ಭೂಮಿ ಹೋದರೂ ಕಂದಾಯ ಕಟ್ಟಲಿಲ್ಲ. ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂದದ್ದು ಹಾಗೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಉಪ್ಪಿನ ರಾಶಿಯ ಪಕ್ಕ ನಿಂತಾಗ ಅದು ಬೇರೆಯೇ ಅನಿಸಿತು. ಸಮುದ್ರ, ಬಿಸಿಲು, ಕೈ ಇಷ್ಟರಿಂದ ಆಗುವ ವಸ್ತುವಿಗೆ ಸರಕಾರ ತೆರಿಗೆ ಹಾಕಿತ್ತು. ಸಿಟ್ಟು ಬರದೆ ಇರುತ್ತದೆಯೇ?

ಅಕ್ಕ ಉಪ್ಪು ಕೊಂಡಳು. ಎತ್ತಿ ನೋಡಿದೆ, ಭಾರವಿತ್ತು. ಇರಲಿ ಬಿಡಿ.

ಅಂಕೋಲಾ ಬಸ್ಸು ಗದ್ದೆ ಬಯಲು ದಾಟಿ ಹೆದ್ದಾರಿಗೆ ಬಂತು. ಅಘನಾಶಿನಿಯ ಆಸುಪಾಸಿನ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುವ ತಳಿ. ಗೊಬ್ಬರ ಬೇಡ, ಔಷಧ ಬೇಡ. ಮಳೆಗಾಲದಲ್ಲಿ ಬಿತ್ತಿ ಅಕ್ಟೋಬರ್ ಹೊತ್ತಿಗೆ ಕೊಯ್ಲು. ಬದು ಒಡೆದು, ಸಿಗಡಿ ಕೆರೆಗಳು ಬಂದು ಕಗ್ಗದ ಜಾಗ ಬಹಳ ಕಡಿಮೆಯಾಗಿದೆ. ಪಕ್ಕದ ಸೀಟಿನ ಅಜ್ಜಿ ಅಕ್ಕನಿಗೆ ಇದನ್ನೆಲ್ಲ ಹೇಳುತ್ತಾ ಬಂದರು. ಕಗ್ಗದ ಗಂಜಿಯ ರುಚಿ ಬೇರೆ ಅಕ್ಕಿಗೆ ಇಲ್ಲ ಎಂದರು.

ಶಿರೂರು ಬಂದಾಗ ಬಸ್ಸಿನ ಮಾತು ತಾನಾಗಿ ನಿಂತಿತು. 2024ರ ಜುಲೈ 16ರ ಬೆಳಿಗ್ಗೆ ಇಲ್ಲಿ ಗುಡ್ಡ ಕುಸಿದು ಹೆದ್ದಾರಿ ದಾಟಿ ಗಂಗಾವಳಿ ನದಿಗೆ ಬಿತ್ತು. ರಸ್ತೆ ಬದಿಯ ಚಾ ಅಂಗಡಿ ಹೋಯಿತು. ಆ ಮನೆಯವರು ಹೋದರು. ಚಾ ಕುಡಿಯಲು ಲಾರಿ ನಿಲ್ಲಿಸಿದ ಚಾಲಕರು ಹೋದರು. ಕೆಂಪು ಮಣ್ಣಿನ ಗಾಯ ಗುಡ್ಡದ ಮೇಲೆ ಇನ್ನೂ ಹಸಿಯಾಗಿಯೇ ಇತ್ತು. ದಿನಾ ದುಡಿಯುವವರು ಸ್ವಲ್ಪ ಹೊತ್ತು ಕೂತು ಸುಧಾರಿಸಿಕೊಳ್ಳುವ ಜಾಗ ಅದು. ಅಕ್ಕ ಕೈ ಮುಗಿದಳು. ನಾನೂ ಮುಗಿದೆ.

ಅಂಕೋಲೆಯಲ್ಲಿ ಊಟ. ಕುಚಲಕ್ಕಿ ಅನ್ನ, ಬಂಗಡೆ ಸಾರು, ತಿಸ್ರೆ ಸುಕ್ಕ, ಕೊನೆಗೆ ಸೋಲ್ ಕಡಿ. ಸಾರಿಗೆ ಜುಮ್ಮನಕಾಯಿ ಹಾಕಿದ್ದರು, ಆ ಪರಿಮಳಕ್ಕೆ ಇನ್ನೊಂದು ಸುತ್ತು ಅನ್ನ ಹೋಯಿತು. ಇಶಾಡು ಮಾವು ಕೇಳಿದೆವು, ಇನ್ನೂ ಕಾಲ ಬಂದಿರಲಿಲ್ಲ. ಮೇ ತಿಂಗಳಲ್ಲಿ ಬನ್ನಿ ಎಂದರು. ಅಂಕೋಲೆಯ ಕರಿ ಇಶಾಡಿಗೆ 2023ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ತಿಂದವರಿಗೆ ಆ ಮುದ್ರೆಯ ಅಗತ್ಯವೇನೂ ಇಲ್ಲ.

ಪೇಟೆಯಲ್ಲಿ ಸುಗ್ಗಿಯ ಮಾತು. ಹೋಳಿ ಹತ್ತಿರ ಬಂದಿತ್ತು, ಹಾಲಕ್ಕಿ ಕೇರಿಗಳಲ್ಲಿ ಸುಗ್ಗಿ ಕುಣಿತದವರು ತಲೆಗೆ ಹಾಕುವ ತುರಾಯಿ ಕಟ್ಟುವ ಕೆಲಸ ನಡೆದಿತ್ತು. ಎಲ್ಲೋ ಗುಮಟೆ ಬಾರಿಸುವುದು ಕೇಳಿತು. ಆದರೆ ಆ ವರ್ಷದ ಸುಗ್ಗಿಗೆ ಇಬ್ಬರು ಅಜ್ಜಿಯರಿರಲಿಲ್ಲ. ಹೊನ್ನಳ್ಳಿಯ ತುಳಸಿ ಗೌಡ 2024ರ ಡಿಸೆಂಬರ್ 16ರಂದು ಹೋದರು. ಬಡಗೇರಿಯ ಸುಕ್ರಿ ಬೊಮ್ಮಗೌಡ 2025ರ ಫೆಬ್ರವರಿ 13ರಂದು. ಒಬ್ಬರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿ ಮಾಡುತ್ತಾ ಗಿಡ ಬೆಳೆಸಿದವರು. ಇನ್ನೊಬ್ಬರು ಹಾಡು ಉಳಿಸಿದವರು, ಸಾರಾಯಿ ವಿರುದ್ಧ ನಿಂತವರು. ಇಬ್ಬರಿಗೂ ಪದ್ಮಶ್ರೀ ಬಂತು. ತುಳಸಜ್ಜಿ ದೆಹಲಿಗೆ ಬರಿಗಾಲಲ್ಲೇ ಹೋಗಿ ಪ್ರಶಸ್ತಿ ತಗೊಂಡ ಫೋಟೊ ನನ್ನ ಅಂಗಡಿಯ ಗೋಡೆಯಲ್ಲಿದೆ. ಸೀರೆಯನ್ನು ಹಾಗೆ ಹೆಗಲಿಗೆ ಕಟ್ಟಿ, ಕೊರಳ ತುಂಬ ಮಣಿಸರ ಹಾಕಿ, ಎಷ್ಟು ಸಲೀಸಾಗಿ ನಡೆಯುತ್ತಾರೆ ಈ ಹೆಂಗಸರು! ಬ್ಲೌಸ್ ಹೊಲಿದು ಬದುಕುವ ನಾನು ಈ ಮಾತು ಮನಸಾರೆ ಹೇಳುತ್ತೇನೆ: ದುಡಿಯುವ ಮೈಗೆ ಅದಕ್ಕಿಂತ ಒಳ್ಳೆಯ ಉಡುಗೆ ನಾನು ಕಂಡಿಲ್ಲ.

ಸಂಜೆ ಕಾರವಾರದ ಬಸ್ಸು. ಅರಗಾ, ಬಿಣಗಾ ಕಡೆ ನೌಕಾನೆಲೆಯ ಗೋಡೆ ಬಹಳ ದೂರ ಜೊತೆಗೇ ಬರುತ್ತದೆ. 2005ರ ಮೇ 31ಕ್ಕೆ ಐಎನ್ಎಸ್ ಕದಂಬ ಕಾರ್ಯಾರಂಭವಾಯಿತು. ಅದಕ್ಕೂ ಮೊದಲು ಆ ಗೋಡೆಯ ಆಚೆ ಊರುಗಳಿದ್ದವು, ತೆಂಗಿನ ತೋಟಗಳಿದ್ದವು. ಕೋಡಿಬಾಗದಲ್ಲಿ ಚಿಕ್ಕಮ್ಮನ ಮಗಳ ಮನೆಯಲ್ಲಿ ಇಳಿದೆವು. ಅವಳು ಗಂಡನ ಜೊತೆ ಕೊಂಕಣಿ, ನಮ್ಮ ಜೊತೆ ಕನ್ನಡ, ಮಗುವಿನ ಜೊತೆ ಎರಡೂ.

ಭಾನುವಾರ: ಕಾರವಾರ

ಬೆಳಿಗ್ಗೆ ಟಾಗೋರ್ ಬೀಚಿಗೆ ಹೋದಾಗ ರಂಪಣಿ ಬಲೆ ಹಾಕಿದ್ದರು. ನಮ್ಮ ಅದೃಷ್ಟ. ದೋಣಿಯವರು ದಡದಲ್ಲಿ ಹಗ್ಗದ ಒಂದು ತುದಿ ಬಿಟ್ಟು, ಅರ್ಧ ಸುತ್ತು ಬಲೆ ಬಿಡುತ್ತಾ ಹೋಗಿ, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತಂದಿದ್ದರು. ಆಮೇಲೆ ಎಳೆಯುವ ಕೆಲಸ. ಎರಡು ಕಡೆ ಎರಡು ಸಾಲು. ಹಿಮ್ಮಡಿ ಮರಳಲ್ಲಿ ಊರಿ, ಮೈ ಹಿಂದಕ್ಕೆ ಬಿಟ್ಟು, ಒಂದೇ ತಾಳದಲ್ಲಿ ಎಳೆಯುತ್ತಾರೆ. ಸಾಲಿನ ಹಿಂದಿನವರು ತುದಿ ಮುಟ್ಟಿದ ಕೂಡಲೇ ಹಗ್ಗ ಬಿಟ್ಟು ಮುಂದೆ ನೀರಿನ ಹತ್ತಿರ ಬಂದು ಮತ್ತೆ ಹಿಡಿಯುತ್ತಾರೆ. ಎರಡು ಸಾಲುಗಳೂ ನಿಧಾನಕ್ಕೆ ಒಂದಕ್ಕೊಂದು ಹತ್ತಿರ ಬರುತ್ತವೆ.

ಒಂದು ಕಾಲದಲ್ಲಿ ಈ ಕರಾವಳಿಯ ಮೀನೆಂದರೆ ರಂಪಣಿಯದೇ. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದವು. ಮೀನು ದಡಕ್ಕೆ ಬರುವ ಮೊದಲೇ ಆಳದಲ್ಲಿ ಸುತ್ತುವರಿದು ಎತ್ತಿಬಿಡುತ್ತವೆ. ರಂಪಣಿ ಕಡಿಮೆಯಾಗುತ್ತಾ ಬಂತು. ಆದರೂ ಕಾರವಾರ, ಮಾಜಾಳಿ ಕಡೆ ಹಾಕುವವರು ಇದ್ದಾರೆ. ಅದು ಉಳಿಯಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಇಡೀ ಕೇರಿ ಸೇರಿ ಮಾಡುವ ಕೆಲಸ, ಎಲ್ಲರಿಗೂ ಪಾಲು.

ನಾನು ಮರಳಲ್ಲಿ ಕೂತೆ. ಪಕ್ಕಕ್ಕೆ ತಿರುಗಿದರೆ ಅಕ್ಕ ಇಲ್ಲ. ಸೀರೆ ಎತ್ತಿ ಸಿಕ್ಕಿಸಿ ಹಗ್ಗದ ಸಾಲಿನಲ್ಲಿ ನಿಂತಿದ್ದಳು! ಯಾರೂ ಬೇಡ ಅನ್ನಲಿಲ್ಲ. ಒಬ್ಬರು ಹೆಂಗಸು ಜಾಗ ಮಾಡಿ ಕೊಟ್ಟರು. ಅಕ್ಕನಿಗೆ ಹಗ್ಗ ಹೊಸದಲ್ಲ, ಕಟ್ಟಿದ ಹೋರಿಯನ್ನು ಎಳೆದು ನಿಲ್ಲಿಸಿದ ಕೈ ಅದು. ಎಳೆಯುತ್ತಾ ಹಿಂದೆ ಹೋದಳು, ಬಿಟ್ಟು ಮುಂದೆ ಬಂದಳು, ಮತ್ತೆ ಹಿಡಿದಳು. ಮುಖ ಕೆಂಪಾಗಿತ್ತು. ನಗುತ್ತಿದ್ದಳು. ಮನೆಯ ಕೆಲಸದಿಂದ ಬಿಡುವು ಮಾಡಿಕೊಂಡು ಬಂದವಳು ಇಲ್ಲಿ ಬೇರೆಯವರ ಕೆಲಸ ಹಿಡಿದಿದ್ದಳು. ನಿಲ್ಲಿಸು ಎಂದು ನಾನು ಕರೆಯಲಿಲ್ಲ. ಇದನ್ನು ಅವಳು ಮಾಡಲೇಬೇಕೆಂದು ಯಾರೂ ಹೇಳಿರಲಿಲ್ಲ. ಬೇಡ ಅನಿಸಿದ ಗಳಿಗೆಯಲ್ಲಿ ಹಗ್ಗ ಬಿಟ್ಟು ಬರಬಹುದಿತ್ತು. ಕೊನೆಯವರೆಗೂ ಬಿಡಲಿಲ್ಲ.

ಬಲೆ ದಡಕ್ಕೆ ಬಂದಾಗ ನೀರು ಕುದಿಯತೊಡಗಿತು. ತಾರ್ಲೆ ಜಾಸ್ತಿ, ನಡುವೆ ಬಂಗಡೆ, ಒಂದಿಷ್ಟು ಶೆಟ್ಲಿ. ಹದ್ದುಗಳು ತಲೆಯ ಮೇಲೇ ಸುತ್ತಿದವು. ದೊಡ್ಡ ಹಿಡಿತವೇನೂ ಅಲ್ಲ ಎಂದರು. ಆದರೂ ಎಳೆದವರಿಗೆಲ್ಲ ಪಾಲು ಹಾಕುವಾಗ ಅಕ್ಕನನ್ನೂ ಕರೆದರು. "ಬೇಡ, ನಾನು ಸುಮ್ನೆ ಬಂದವಳು" ಎಂದಳು. "ಎಳೆದವ್ರು ಹಾಗೇ ಹೋಗ್ಲಿಕ್ಕಿಲ್ಲ" ಎಂದು ಒಂದು ಬೊಗಸೆ ತಾರ್ಲೆ ಕೊಟ್ಟರು. ಹಿಡಿಯಲು ಚೀಲ ಇರಲಿಲ್ಲ, ನನ್ನ ಊಟದ ಡಬ್ಬಿ ಬಿಚ್ಚಿ ಹಿಡಿದೆ.

ಈ ಬೀಚಿಗೆ ಟಾಗೋರರ ಹೆಸರು ಬಂದದ್ದಕ್ಕೆ ಕಾರಣ ಇದೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಇಪ್ಪತ್ತರ ಹರೆಯದ ರವೀಂದ್ರರು 1880ರ ದಶಕದ ಮೊದಲ ವರ್ಷಗಳಲ್ಲಿ ಅಣ್ಣನ ಮನೆಗೆ ಬಂದು ಉಳಿದರು. ಇಲ್ಲಿದ್ದಾಗಲೇ ಒಂದು ನಾಟಕ ಬರೆದರು. ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿ ಹತ್ತಿ ಮೇಲಕ್ಕೆ ಹೋಗಿ, ಹಿಂದಿರುಗುವಾಗ ಮರಳಿನ ಮೇಲೆ ನಡೆದು ಮನೆ ಸೇರಿದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಬಿಡುವಾಗಿ ಬಂದು ಕೂತವರಿಗೆ ಈ ದಂಡೆ ಮೊದಲಿನಿಂದಲೂ ಒಗ್ಗಿದೆ.

ಯುದ್ಧನೌಕೆ ಚಪಲ್ ಮ್ಯೂಸಿಯಂ ಪಕ್ಕದಲ್ಲೇ ಇದೆ. ಭಾನುವಾರದ ಮಕ್ಕಳ ಸಾಲು ಉದ್ದವಿತ್ತು. ಹೊರಗಿನಿಂದ ನೋಡಿದೆವು.

ಕೋಡಿಬಾಗಕ್ಕೆ ವಾಪಸ್ ಬಂದು ತಂಗಿಯ ಅಡುಗೆಮನೆಯಲ್ಲಿ ತಾರ್ಲೆ ಹುರಿದೆವು. ಅಡುಗೆಯಾಗುವ ಮೊದಲು ಕಾಳಿ ದಂಡೆಗೆ ಹೋಗಿ ನಿಂತೆವು. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ 184 ಕಿಲೋಮೀಟರ್ ಹರಿದು ಬಂದ ನದಿ. ಆಚೆ ಸದಾಶಿವಗಡ. ನಡುವೆ ಒಂದು ಸೇತುವೆಯ ಮೇಲೆ ಎರಡೂ ಕಡೆಯ ಗಾಡಿಗಳು. ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತು. ಮೇಲಿದ್ದ ಲಾರಿ ನದಿಗೆ ಬಿತ್ತು. ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಬದುಕಿಸಿದರು. ತಂಗಿಯ ಗಂಡ ದಿನಾ ಅದೇ ದಾರಿಯಲ್ಲಿ ಕೆಲಸಕ್ಕೆ ಹೋಗುವವರು. ಆ ರಾತ್ರಿಯ ಸದ್ದಿನ ಬಗ್ಗೆ ಅವರು ಜಾಸ್ತಿ ಮಾತಾಡಲಿಲ್ಲ.

ಊಟ ಮುಗಿಸಿ ಎರಡು ಗಂಟೆಯ ಬಸ್ಸು. ಅಂಕೋಲಾ, ಕುಮಟಾ, ಮತ್ತೆ ಘಟ್ಟ. ಉಪ್ಪಿನ ಚೀಲ ಕಾಲ ಬಳಿ. ಕುಮಟಾ ದಾಟುವಾಗ ಭಾವನ ಫೋನ್ ಬಂತು, ಮಿಡಿ ಕೊಯ್ಯುವವನು ಬುಧವಾರ ಬರುತ್ತಾನಂತೆ. ನನಗೂ ಇಬ್ಬರು ಗಿರಾಕಿಗಳ ಮೆಸೇಜ್. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ ಎಂದು ಉತ್ತರಿಸಿದೆ.

ಘಟ್ಟದ ಅರ್ಧದಲ್ಲಿ ಅಕ್ಕ ಸ್ವೆಟರ್ ಹಾಕಿಕೊಳ್ಳುತ್ತಾ ಕೇಳಿದಳು:

"ಏ ತಂಗಿ, ಆ ಅಜ್ಜಿ ಹೇಳಿದ್ರಲ್ಲ, ಕಗ್ಗ ಕೊಯ್ಲು. ಅಕ್ಟೋಬರ್ ಅಲ್ದಾ?"

"ಅಕ್ಟೋಬರ್. ನನಗೆ ದೀಪಾವಳಿ ಹೊಲಿಗೆ ಇರ್ತದೆ."

"ಒಂದೇ ದಿನ ಸಾಕು. ಬೆಳಿಗ್ಗೆ ಹೋಗಿ ರಾತ್ರಿ ಬಪ್ಪುದು."

"ಒಂದು ದಿನ ಯಾಕೆ, ಎರಡು ದಿನ ಅಂಗಡಿ ಬಾಗಿಲು ಹಾಕ್ತೇನೆ. ನೀನು ಭಾವನಿಗೆ ಹೇಳು" ಎಂದೆ. ಅವಳು ಅಲ್ಲೇ ಫೋನ್ ತೆಗೆದಳು. ಘಟ್ಟದಲ್ಲಿ ಸಿಗ್ನಲ್ ಇರಲಿಲ್ಲ.